‘ಪೇಟೆಗೆ ಕಾರಲ್ಲಿ 20 ನಿಮಿಷ’: ನಿವೃತ್ತಿಗೆ ಊರು ಹುಡುಕಿದ ದಂಪತಿ

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಒಂದೇ ಬಗೆಯ ಪ್ರಕರಣ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಿವೃತ್ತಿ ಹತ್ತಿರ ಬಂದಿರುತ್ತದೆ. ಗಂಡ ಹೆಂಡತಿ ಇಬ್ಬರೂ ಬಂದು ಕೂರುತ್ತಾರೆ. ಮುಂದೆ ಯಾವ ಊರಲ್ಲಿ ಇರಬೇಕು ಅನ್ನುವುದನ್ನು ಇಬ್ಬರಲ್ಲಿ ಒಬ್ಬರು ಆಗಲೇ ತೀರ್ಮಾನ ಮಾಡಿರುತ್ತಾರೆ. ಇನ್ನೊಬ್ಬರನ್ನು ನಾನು ಒಪ್ಪಿಸಿಕೊಡಬೇಕು, ಅಷ್ಟೇ ಅವರಿಗೆ ಬೇಕಾಗಿರುವುದು. ಒಪ್ಪಬೇಕಾದವರು ಹೆಚ್ಚಿನ ಸಲ ಹೆಂಡತಿ. ಅಪರೂಪಕ್ಕೆ ಗಂಡ.

ಇಲ್ಲಿ ಹೇಳುವ ದಂಪತಿಯ ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಪತಿ ದೊಡ್ಡ ಸಂಸ್ಥೆಯೊಂದರಲ್ಲಿ ಅಧಿಕಾರಿ. ನಿವೃತ್ತಿಗೆ ಕೆಲವೇ ತಿಂಗಳು ಬಾಕಿ. ಪತ್ನಿ ಮನೆ ನೋಡಿಕೊಂಡವರು, ಜೊತೆಗೆ ವರ್ಷಾನುಗಟ್ಟಲೆ ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿಕೊಟ್ಟವರು. ಸ್ವಂತ ಮಕ್ಕಳು ದೂರದಲ್ಲಿದ್ದಾರೆ. ರಜೆಗೆಂದು ನಾಲ್ಕಾರು ಸಲ ಹೋಗಿಬಂದ ಗುಡ್ಡದ ಊರೊಂದು ಪತಿಯ ಮನಸ್ಸಿಗೆ ಹಿಡಿಸಿತ್ತು. ಈಗಿರುವ ಮನೆ ಮಾರಿ ಅಲ್ಲೊಂದು ಜಾಗ ಕೊಳ್ಳುವುದು, ಮನೆ ಕಟ್ಟಿಸುವುದು ಅವರ ಯೋಚನೆ. ಮುಂಗಡ ಕೊಡುವ ದಿನವೂ ಗೊತ್ತಾಗಿತ್ತು. ಆ ಮಾತು ಶುರುವಾದಾಗಿನಿಂದ ಪತ್ನಿಗೆ ಸರಿಯಾಗಿ ನಿದ್ದೆ ಇಲ್ಲ. ವೈದ್ಯರು ಪರೀಕ್ಷೆಗಳನ್ನು ಮಾಡಿಸಿ, ದೇಹದಲ್ಲಿ ಏನೂ ತೊಂದರೆ ಕಾಣುತ್ತಿಲ್ಲ ಎಂದು ನನ್ನ ಹತ್ತಿರ ಕಳಿಸಿದ್ದರು.

ಮೊದಲ ಭೇಟಿಗಳ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಪತಿ ಮಾತಾಡಿದರು, ಪತ್ನಿ ತಲೆಯಾಡಿಸಿದರು. “ಇವಳಿಗೂ ಇಷ್ಟಾನೇ ಮೇಡಂ, ಹೊಸ ಜಾಗ ಅಂದ್ರೆ ಸ್ವಲ್ಪ ಹೆದರಿಕೆ ಅಷ್ಟೇ” ಎಂದು ಇವರು. “ಹಾಗೇನಿಲ್ಲ” ಎಂದು ಅವರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಆಮೇಲೊಂದು ದಿನ ಪತಿ ನೋಟ್‌ಬುಕ್ ತಂದರು. ಹಾಳೆಯ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಎಡಗಡೆ ನೀಲಿ ಶಾಯಿಯಲ್ಲಿ ಅನುಕೂಲಗಳು, ಬಲಗಡೆ ಕೆಂಪು ಶಾಯಿಯಲ್ಲಿ ಅನಾನುಕೂಲಗಳು. ಎಲ್ಲಕ್ಕೂ ಕ್ರಮಸಂಖ್ಯೆ. ಒಳ್ಳೆ ಗಾಳಿ, ಸದ್ದಿಲ್ಲ, ಸೆಕೆ ಇಲ್ಲ, ತೋಟ ಮಾಡಬಹುದು, ಖರ್ಚು ಕಡಿಮೆ, ಮೊಮ್ಮಕ್ಕಳು ಬಂದರೆ ಓಡಾಡಲು ಜಾಗ. ಬಲಗಡೆ ದೊಡ್ಡ ಆಸ್ಪತ್ರೆ ದೂರ, ಮಳೆಗಾಲದಲ್ಲಿ ರಸ್ತೆ ಜಾರುತ್ತದೆ, ಹೀಗೆ.

“ನೋಡಿ ಮೇಡಂ, 17ಕ್ಕೆ 5” ಅಂದರು. ಇನ್ನೇನು ಉಳಿದಿದೆ ಎನ್ನುವ ಧಾಟಿ.

ಹೀಗೆ ಗೆರೆ ಎಳೆದು ಬರೆಯುವುದು ಹಳೆಯ ಪದ್ಧತಿ. 1772ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಗೆಳೆಯ, ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಕಾಗದದಲ್ಲಿ ಇದನ್ನೇ ವಿವರಿಸಿದ್ದಾರೆ. ಪ್ರೀಸ್ಟ್ಲಿಯ ಮುಂದೆ ಆಗ ಇದ್ದ ಪ್ರಶ್ನೆಯೂ ಹೆಚ್ಚುಕಮ್ಮಿ ಇದೇ: ಹೊಸ ಕೆಲಸ ಒಪ್ಪಿಕೊಂಡು ಇರುವ ಊರು ಬಿಡುವುದೋ ಬೇಡವೋ. ಆದರೆ ಫ್ರಾಂಕ್ಲಿನ್ ಯಾವ ಕಡೆ ಎಷ್ಟು ಸಾಲು ಇದೆ ಎಂದು ಎಣಿಸಲು ಹೇಳಲಿಲ್ಲ. ಮೂರು ನಾಲ್ಕು ದಿನ ಯೋಚಿಸುತ್ತಾ ಬರೆಯಬೇಕು, ಪ್ರತಿಯೊಂದರ ತೂಕ ಅಂದಾಜು ಮಾಡಬೇಕು, ಸಮ ತೂಕದವನ್ನು ಎರಡೂ ಕಡೆಯಿಂದ ಹೊಡೆದುಹಾಕಬೇಕು, ಕೆಲವೊಮ್ಮೆ ಆ ಕಡೆಯ ಒಂದಕ್ಕೆ ಈ ಕಡೆಯ ಎರಡು ಹೋಗಬಹುದು ಎಂದರು. ಇನ್ನೊಂದು ಮಾತು ನನಗೆ ಮುಖ್ಯ. ಪ್ರೀಸ್ಟ್ಲಿ ಏನು ಮಾಡಬೇಕು ಎಂದು ಅವರು ಹೇಳಲೇ ಇಲ್ಲ. ತೂಕ ಹಾಕಬೇಕಾದವನು ಆ ಊರಲ್ಲಿ ಬದುಕುವವನು.

ಈ ನೋಟ್‌ಬುಕ್ಕಿನಲ್ಲಿ ಬದುಕುವವರು ಇಬ್ಬರು. ಬರೆದವರು ಒಬ್ಬರೇ. ಹಾಗಾಗಿ ಅದನ್ನು ಪತ್ನಿಯ ಕೈಗೆ ಕೊಡಲು ಹೇಳಿದೆ. ಒಂದೊಂದೇ ಸಾಲು ಗಟ್ಟಿಯಾಗಿ ಓದಿ, ಒಪ್ಪಬೇಕು ಬಿಡಬೇಕು ಅಂತೇನಿಲ್ಲ, ಸುಮ್ನೆ ಓದಿ ಅಂದೆ.

ಅವರು ಕನ್ನಡಕ ಹಾಕಿಕೊಂಡು ಓದುತ್ತಾ ಹೋದರು. ಗಾಳಿ, ತಂಪು, ತೋಟ. ಆರನೇ ಸಾಲು: “ಪೇಟೆಗೆ ಕಾರಲ್ಲಿ 20 ನಿಮಿಷ.” ಅಲ್ಲಿ ನಿಂತರು. ಬೆರಳು ಆ ಸಾಲಿನ ಮೇಲೇ ಇತ್ತು.

“ಇದು ನನಗೆ 20 ನಿಮಿಷ ಅಲ್ಲ ಮೇಡಂ. ಇವರಿಗೆ ಮನಸ್ಸು ಬಂದಾಗ.”

ಪತಿಗೆ ಚುರುಕ್ ಅಂದಿರಬೇಕು. “ನಾನು ಯಾವತ್ತು ಇಲ್ಲ ಅಂದಿದೀನಿ? ಕೇಳಿದಾಗೆಲ್ಲ ಕರ್ಕೊಂಡು ಹೋಗಿಲ್ವಾ?”

“ಹೋಗಿದೀರಿ. ಆದ್ರೆ ಕೇಳಬೇಕಲ್ಲ. ಇಲ್ಲಿ ನಾನು ಯಾರನ್ನೂ ಕೇಳಲ್ಲ. ಚಪ್ಪಲಿ ಹಾಕ್ಕೊಂಡು ಹೊರಡ್ತೀನಿ.”

ಪತ್ನಿಗೆ ಕಾರು ಓಡಿಸಲು ಬರುವುದಿಲ್ಲ ಎನ್ನುವುದು ಅಷ್ಟು ಹೊತ್ತಿಗೆ ನನಗೆ ಮೊದಲ ಸಲ ಗೊತ್ತಾಯಿತು. ಪತಿ ಪೆನ್ನು ತೆಗೆದರು. ಅವರಿಗೆ ಕೋಪ ಬಂದಿರಲಿಲ್ಲ, ಬೇಗ ಸರಿಮಾಡುವ ಆತುರ. “ಸರಿ, ಇದನ್ನ ಆ ಕಡೆ ಹಾಕೋಣ. 16ಕ್ಕೆ 6.”

ಪತ್ನಿ ನೋಟ್‌ಬುಕ್ ಕೊಡಲಿಲ್ಲ. “ತೆಗೀಬೇಡಿ ರೀ. ನಿಮಗೆ ಅದು ಅನುಕೂಲಾನೇ. ನಿಮಗೆ ಇಷ್ಟ ಆಗಿದ್ದು ಸುಳ್ಳು ಅಂತ ನಾನು ಹೇಳ್ತಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮ ಕೈಲಿ ಕಾರು ಓಡಿಸೋಕೆ ಆಗದೇ ಹೋದ್ರೆ, ಆಗ ಇಬ್ಬರಿಗೂ ಎಷ್ಟು ನಿಮಿಷ?” ಅಂದರು.

ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಾನೂ ಉತ್ತರ ಕೊಡಲು ಹೋಗಲಿಲ್ಲ. ಪತಿಯನ್ನು ಬೇರೆಯದೇ ಒಂದು ಪ್ರಶ್ನೆ ಕೇಳಿದೆ: “ನಿಮಗೆ ಅಲ್ಲಿಗೆ ಹೋಗೋದು ಮುಖ್ಯಾನಾ, ಇಲ್ಲಿಂದ ಹೋಗೋದು ಮುಖ್ಯಾನಾ?” ಅವರು ತುಂಬಾ ಹೊತ್ತು ಸುಮ್ಮನಿದ್ದರು. ಕೊನೆಗೆ, “ಇಲ್ಲಿ ಎಲ್ಲರಿಗೂ ನಾನು ಸಾಹೇಬ್ರು. ರಿಟೈರ್ ಆದ ಮಾರನೇ ದಿನ ಇದೇ ರಸ್ತೇಲಿ ಹೇಗೆ ಓಡಾಡ್ಲಿ?” ಅಂದರು. ಪತ್ನಿ ತಲೆಯೆತ್ತಿ ನೋಡಿದ ರೀತಿಯಿಂದಲೇ ಗೊತ್ತಾಯಿತು, ಈ ಮಾತು ಅವರೂ ಕೇಳಿರಲಿಲ್ಲ.

17 ಅನುಕೂಲಗಳಲ್ಲಿ ಇದು ಎಲ್ಲೂ ಇರಲಿಲ್ಲ. ಅತಿ ಹೆಚ್ಚು ತೂಕ ಇದ್ದದ್ದು ಇದಕ್ಕೇ.

ಅವತ್ತು ನಾನು ಕೊಟ್ಟ ಸಲಹೆ ಇಷ್ಟು. ಮುಂಗಡ ಕೊಡಬೇಡಿ. ಮನೆ ಮಾರಬೇಡಿ. ಆ ಊರಲ್ಲಿ ಒಂದು ವರ್ಷ ಬಾಡಿಗೆಗೆ ಇರಿ, ರಜೆಗೆ ಹೋಗದ ಕೆಟ್ಟ ತಿಂಗಳುಗಳೂ ಅದರಲ್ಲಿ ಸೇರಲಿ. ಆ ವರ್ಷದಲ್ಲಿ ಕೆಲವು ವಾರ ಪತ್ನಿ ಒಬ್ಬರೇ ಅಲ್ಲಿರಬೇಕು, ಪತಿಯೂ ಒಬ್ಬರೇ ಇದ್ದು ನೋಡಬೇಕು. ಪಟ್ಟಿ ಇಬ್ಬರೂ ಬೇರೆ ಬೇರೆ ಬರೆಯಿರಿ, ಒಟ್ಟು ಮಾಡಬೇಡಿ.

ಆಪ್ತಸಲಹೆಗಾರರು ಹೀಗೆ ನೇರವಾಗಿ ಹೇಳಬಾರದು ಎನ್ನುವ ಸಹೋದ್ಯೋಗಿಗಳಿದ್ದಾರೆ. ಮನೆ ಮಾರುವುದು ಬಿಡುವುದು ಅವರ ಹಣದ ವಿಷಯ, ನಮ್ಮದಲ್ಲ ಎಂದು ಅವರ ವಾದ. ಈ ದಂಪತಿಯ ಮಗ ಫೋನ್ ಮಾಡಿ, “ಅಪ್ಪನ ಇಷ್ಟು ವರ್ಷದ ಆಸೆಗೆ ನೀವು ಅಡ್ಡ ಬಂದ್ರಿ” ಅಂತಲೂ ಅಂದರು. ನಾನು ಹೋಗಬೇಡಿ ಎಂದು ಹೇಳಲಿಲ್ಲ. ಹಿಂದಕ್ಕೆ ಬರಲಾಗದ ಹಾಗೆ ಹೋಗಬೇಡಿ ಅಂದೆ. ವಾಪಸ್ ಬರುವ ದಾರಿ ಮುಚ್ಚುವ ತೀರ್ಮಾನವೊಂದು ನನ್ನ ಕಣ್ಣೆದುರೇ ಆಗುತ್ತಿದ್ದರೆ, ಅದರಲ್ಲಿ ಒಬ್ಬರ ಮಾತು ಸೇರಿಯೇ ಇಲ್ಲದಿದ್ದರೆ, ತಟಸ್ಥವಾಗಿ ಕೂರುವುದು ಸರಿ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನೂ ಕಾರಣಗಳಿವೆ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಮನೋವೈದ್ಯರು 1967ರಲ್ಲಿ ಬದುಕಿನ ಬದಲಾವಣೆಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ 100. ನಿವೃತ್ತಿಗೆ 45. ಹಣಕಾಸಿನ ಸ್ಥಿತಿ ಬದಲಾದರೆ 38, ಬದುಕುವ ಪರಿಸ್ಥಿತಿ ಬದಲಾದರೆ 25, ಮನೆ ಬದಲಿಸಿದರೆ 20, ಬಿಡುವಿನ ಹವ್ಯಾಸಗಳು ಬದಲಾದರೆ 19, ಜನರ ಜೊತೆ ಬೆರೆಯುವ ರೀತಿ ಬದಲಾದರೆ 18. ನಿವೃತ್ತಿಯಾದ ತಿಂಗಳೇ ಊರು ಬಿಟ್ಟವರಿಗೆ ಇವೆಲ್ಲ ಒಟ್ಟಿಗೇ ಬರುತ್ತವೆ, ಕೂಡಿದರೆ 165. ಒಂದು ವರ್ಷದಲ್ಲಿ 150 ದಾಟಿದರೆ ಕಾಯಿಲೆ ಬೀಳುವ ಸಂಭವ ಹೆಚ್ಚು ಎಂದು ಆ ಪಟ್ಟಿಯ ಲೆಕ್ಕ. ಅಂಕಗಳನ್ನು ಅಕ್ಷರಶಃ ನಂಬಬೇಕಿಲ್ಲ. ಎರಡು ದೊಡ್ಡ ಬದಲಾವಣೆಗಳ ನಡುವೆ ಸ್ವಲ್ಪ ಉಸಿರಾಡಲು ಜಾಗ ಬಿಡಿ ಎನ್ನಲು ಅಷ್ಟು ಸಾಕು.

ಹವೆಯ ಬಗ್ಗೆ ಒಂದು ಮಾತು. ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್ ಎಂಬ ಸಂಶೋಧಕರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ, ಚಳಿ ಜೋರಾಗಿರುವ ಮಧ್ಯಪಶ್ಚಿಮ ಭಾಗದಲ್ಲೂ ಸುಮಾರು 2000 ವಿದ್ಯಾರ್ಥಿಗಳನ್ನು ಕೇಳಿದರು. ಕ್ಯಾಲಿಫೋರ್ನಿಯಾದವರೇ ಹೆಚ್ಚು ಸಂತೋಷವಾಗಿರುತ್ತಾರೆ ಎಂದು ಎರಡೂ ಕಡೆಯವರು ಊಹಿಸಿದರು. ತಮ್ಮ ತಮ್ಮ ಬದುಕು ಹೇಗಿದೆ ಎಂದು ಕೇಳಿದಾಗ ಎರಡೂ ಕಡೆಯವರ ತೃಪ್ತಿ ಹೆಚ್ಚುಕಮ್ಮಿ ಒಂದೇ. ಊರು ಆರಿಸುವಾಗ ಎದ್ದು ಕಾಣುವ ಒಂದು ವಿಷಯದ ಮೇಲೆ ಕಣ್ಣು ನೆಡುತ್ತದೆ. ಬದುಕಲು ಶುರುಮಾಡಿದ ಮೇಲೆ ಅದು ಹಿಂದಕ್ಕೆ ಸರಿದುಬಿಡುತ್ತದೆ. ಕಿಟಕಿಯಾಚೆ ಎಂಥ ಬೆಟ್ಟ ಇದ್ದರೂ ಬೆಳಗ್ಗೆ ಎದ್ದವರಿಗೆ ಬೇಕಾಗುವುದು ಮಾಡಲು ಒಂದು ಕೆಲಸ, ಆಡಲು ಎರಡು ಮಾತು.

‘ದೊಡ್ಡ ಆಸ್ಪತ್ರೆ ದೂರ’ ಎನ್ನುವ ಸಾಲನ್ನೂ ನಾನು ಹಾಗೇ ಬಿಡಲಿಲ್ಲ. ಎಷ್ಟು ಕಿಲೋಮೀಟರ್ ಎಂದು ಕೇಳಿದರೆ ಸಾಲದು. ಪಾರ್ಶ್ವವಾಯು ಬಡಿದಾಗ ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಕೊಡುವ ಮೊದಲು ಮೆದುಳಿನ ಸ್ಕ್ಯಾನ್ ಆಗಬೇಕು. ಹಾಗಾದರೆ ಕೇಳಬೇಕಾದ ಪ್ರಶ್ನೆಗಳು ಬೇರೆ: ರಾತ್ರಿ ಎರಡು ಗಂಟೆಗೂ ಸ್ಕ್ಯಾನ್ ಮಾಡುವ ಆಸ್ಪತ್ರೆ ಯಾವುದು? ಆ ಹೊತ್ತಿನಲ್ಲಿ, ಮಳೆಯಲ್ಲಿ, ಕಾರು ಓಡಿಸುವವರೇ ಹಾಸಿಗೆ ಹಿಡಿದಿದ್ದರೆ ಅಲ್ಲಿಗೆ ಹೋಗುವುದು ಹೇಗೆ? ಇದನ್ನು ಹೇಳಿದಾಗ ಪತಿ ಸ್ವಲ್ಪ ಮುಖ ಸಣ್ಣ ಮಾಡಿಕೊಂಡರು. ಅಪಶಕುನ ನುಡಿಯುವುದು ನನಗೂ ಇಷ್ಟದ ಕೆಲಸವಲ್ಲ. ಈ ಮಾತನ್ನು ಮನೆ ಕೊಡಿಸುವವರು ಹೇಳುವುದಿಲ್ಲ, ಮಕ್ಕಳ ಬಾಯಿಂದ ಬರುವುದಿಲ್ಲ. ಯಾರಾದರೂ ಹೇಳಬೇಕಲ್ವಾ?

ಹಿರಿಯ ವಯಸ್ಸಿನ ವಲಸೆಯ ಬಗ್ಗೆ ಯೂಜಿನ್ ಲಿಟ್ವಾಕ್ ಮತ್ತು ಚಾರ್ಲ್ಸ್ ಲಾಂಜಿನೋ ಎಂಬ ಸಮಾಜಶಾಸ್ತ್ರಜ್ಞರು 1987ರಲ್ಲಿ ಬರೆದದ್ದು ನನ್ನ ಕೆಲಸದಲ್ಲಿ ದಿನವೂ ಉಪಯೋಗಕ್ಕೆ ಬರುತ್ತದೆ. ಅವರ ಪ್ರಕಾರ ಈ ವಯಸ್ಸಿನ ಸ್ಥಳಾಂತರಗಳು ಮೂರು ಬಗೆ. ನಿವೃತ್ತಿಯಾದ ಹೊಸದರಲ್ಲಿ, ಕೈಕಾಲು ಗಟ್ಟಿ ಇರುವಾಗ, ಒಳ್ಳೆಯ ಜಾಗ ಹುಡುಕಿಕೊಂಡು ಹೋಗುವುದು ಮೊದಲನೆಯದು. ದೇಹ ಕೈಕೊಡಲು ಶುರುವಾದಾಗ, ಅದರಲ್ಲೂ ಸಂಗಾತಿ ಇಲ್ಲವಾದಾಗ, ಮಕ್ಕಳ ಹತ್ತಿರ ಹೋಗುವುದು ಎರಡನೆಯದು. ಅವರಿಂದಲೂ ನೋಡಿಕೊಳ್ಳಲು ಆಗದಿದ್ದಾಗ ಆರೈಕೆಯ ಸಂಸ್ಥೆ ಸೇರುವುದು ಮೂರನೆಯದು. ಎಲ್ಲರೂ ಮೂರನ್ನೂ ಮಾಡುತ್ತಾರೆ ಅಂತಲ್ಲ. ನನ್ನ ಹತ್ತಿರ ಬರುವವರು ಮೊದಲನೆಯದನ್ನು ಮಾಡುವಾಗ ಅದೇ ಕೊನೆಯದು ಎಂದು ನಂಬಿರುತ್ತಾರೆ. ಅದಕ್ಕೇ ಕೈಲಿದ್ದದ್ದನ್ನೆಲ್ಲ ಅದರಲ್ಲೇ ಸುರಿಯುತ್ತಾರೆ. ಮುಂದೊಂದು ದಿನ ಅಲ್ಲಿಂದಲೂ ಹೊರಡಬೇಕಾಗಬಹುದು, ಆ ಮನೆ ಬೇಗ ಮಾರಾಟವಾಗದೇ ಇರಬಹುದು, ಮಾರುವ ಓಡಾಟ ಒಬ್ಬರ ತಲೆಯ ಮೇಲೇ ಬೀಳಬಹುದು ಎನ್ನುವ ಯೋಚನೆಗೆ ಅವಕಾಶವೇ ಇರುವುದಿಲ್ಲ.

ಹಾಗಂತ ಇದ್ದಲ್ಲೇ ಇರುವುದೇ ಸರಿ ಎಂದು ನಾನು ಹೇಳುತ್ತಿಲ್ಲ. ಮೆಟ್ಟಿಲು ಹತ್ತಲಾಗದೆ ಮೇಲಿನ ಮಹಡಿಯಲ್ಲೇ ಉಳಿದುಬಿಟ್ಟವರನ್ನು ನೋಡಿದ್ದೇನೆ. ಪರಿಚಯದ ಅಕ್ಕಪಕ್ಕದವರೆಲ್ಲ ಖಾಲಿಯಾದ ಬೀದಿಯಲ್ಲಿ ಹಳೆಯ ಮನೆ ಕಾಯುತ್ತಾ ಕೂತವರೂ ಇದ್ದಾರೆ. ಅಂಥವರಿಗೆ ಹೊರಡಿ ಎಂದೇ ಹೇಳಿದ್ದೇನೆ. ಊರು ಯಾವುದಾದರೂ ಇರಲಿ, ಒಂದು ಪರೀಕ್ಷೆ ಮಾಡಿಸುತ್ತೇನೆ: ಪಟ್ಟಿಯ ಪ್ರತಿ ಸಾಲನ್ನೂ ಎರಡು ಸಲ ಓದಿ. ಒಮ್ಮೆ ಈಗಿನ ನೀವಾಗಿ, ಇನ್ನೊಮ್ಮೆ 15 ವರ್ಷದ ನಂತರ ಒಬ್ಬರೇ ಉಳಿದವರಾಗಿ. ‘ದೊಡ್ಡ ತೋಟ’ ಎನ್ನುವ ಸಾಲು ಎರಡನೇ ಓದಿನಲ್ಲಿ ಕಳೆ ಕೀಳುವವರು ಯಾರು ಎಂಬ ಪ್ರಶ್ನೆಯಾಗುತ್ತದೆ. ‘ಬಸ್ ನಿಲ್ದಾಣ ಪಕ್ಕದಲ್ಲೇ, ಗದ್ದಲ’ ಎಂದು ಬಲಗಡೆ ಬರೆದದ್ದು ಎಡಗಡೆಗೆ ಹಾರುತ್ತದೆ.

ಈ ದಂಪತಿ ಆಮೇಲೆ ಆ ಗುಡ್ಡದ ಊರಿಗೇ ಹೋದರು. ಮೊದಲು ನೋಡಿದ ಜಾಗದಲ್ಲಲ್ಲ, ಪೇಟೆಯೊಳಗೆ, ನಡೆದುಕೊಂಡೇ ಎಲ್ಲ ಮುಗಿಸಬಹುದಾದ ಕಡೆ ಒಂದು ಚಿಕ್ಕ ಬಾಡಿಗೆ ಮನೆ. ಪತ್ನಿ ಒಬ್ಬರೇ ಇದ್ದ ವಾರಗಳಲ್ಲಿ ಅಕ್ಕಪಕ್ಕದ ಮೂರು ಮಕ್ಕಳು ಪಾಠಕ್ಕೆ ಬರತೊಡಗಿದರು. ನಿದ್ದೆ ಪೂರ್ತಿ ಸರಿಹೋಗಿಲ್ಲ, ಮೊದಲಿಗಿಂತ ಪರವಾಗಿಲ್ಲ ಅನ್ನುತ್ತಾರೆ. ಪತಿಗೆ ಮೊದಲ ಎರಡು ತಿಂಗಳು ಹಬ್ಬ, ಆಮೇಲೆ ಬೇಸರ. ಸಾಹೇಬ್ರು ಎಂದು ಕರೆಯುವವರು ಅಲ್ಲೂ ಇಲ್ಲ ಎನ್ನುವುದು ಅವರಿಗೆ ಆಗ ತಟ್ಟಿತು. ಅದಕ್ಕಾಗಿ ಈಗ ಅವರೊಬ್ಬರೇ ನನ್ನ ಹತ್ತಿರ ಬರುತ್ತಿದ್ದಾರೆ, ಆ ಕೆಲಸ ಇನ್ನೂ ನಡೆಯುತ್ತಿದೆ.

ಗುಡ್ಡದ ಮೇಲಿನ ಆ ಜಾಗವನ್ನು ಬೇರೆ ಯಾರೋ ಕೊಂಡರು. ಆ ವಿಷಯದಲ್ಲಿ ಪತಿಗೆ ನನ್ನ ಮೇಲೆ ಸ್ವಲ್ಪ ಅಸಮಾಧಾನ ಉಳಿದಿದೆ, ಮುಚ್ಚಿಟ್ಟಿಲ್ಲ, ಹೇಳಿದರು. ಹಳೆಯ ಮನೆ ಇನ್ನೂ ಮಾರಿಲ್ಲ. ಮಾರುವುದೋ ಬೇಡವೋ ಎಂದು ವರ್ಷ ತುಂಬಿದ ಮೇಲೆ ಇಬ್ಬರೂ ಕೂತು ಮಾತಾಡುತ್ತಾರಂತೆ. ಈ ಸಲ ಎರಡು ನೋಟ್‌ಬುಕ್ ಇವೆ.