ಹ್ಯಾಮ್ (ಹವ್ಯಾಸಿ) ರೇಡಿಯೋ ಕ್ಲಬ್‌ಗೆ ಕಾರ್ಯದರ್ಶಿ ಆಗು ಅಂತಿದ್ದಾರೆ. ಒಪ್ಪಿಕೊಳ್ಳಲಾ?

ಲೈಸೆನ್ಸ್ ಬಂದು ಎರಡು ವರ್ಷ ಆಗಿದೆ, ಇನ್ನೂ ಕೆಳಗಿನ ರೆಸ್ಟ್ರಿಕ್ಟೆಡ್ ಗ್ರೇಡ್, ಮಂಡ್ಯದಲ್ಲಿ ಕೆಲಸ ಅಂತ ಬರೆದಿದ್ದೀರಿ. ಸಂಬಳ ಇಲ್ಲ, ಬೈಗುಳ ಜಾಸ್ತಿ ಅಂತ ಯಾರೋ ಹೆದರಿಸಿದ್ದಾರೆ. ಕೆಲಸ ಏನಿರುತ್ತೆ, ಹಿರಿಯರು ಆ ಗ್ರೇಡಿಗೆ ಸಿಗುವ ವಿಯು3 ಕಾಲ್‌ಸೈನ್‌ನವರ (ಕಾಲ್‌ಸೈನ್ ಅಂದರೆ ರೇಡಿಯೋದಲ್ಲಿ ಹೇಳುವ ಗುರುತು) ಮಾತು ಕೇಳ್ತಾರಾ ಅಂತ ನಿಮ್ಮ ಪ್ರಶ್ನೆ.

ಒಪ್ಪಿಕೊಳ್ಳಿ. ನಾನು ಮೈಸೂರಿನಲ್ಲಿ ಆರು ವರ್ಷ ಈ ಕೆಲಸ ಮಾಡಿದ್ದೀನಿ. ಒಳಗೆ ಹೇಗಿರುತ್ತೆ ಅಂತ ಹೇಳ್ತೀನಿ.

ಕಾಗದದ ಕೆಲಸ ಮೊದಲು ಮುಗಿಸಿಬಿಡೋಣ. ಕ್ಲಬ್ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದ್ದರೆ, ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ನಡೆಸಿ, ಲೆಕ್ಕ ಆಡಿಟ್ ಮಾಡಿಸಿ, ಕಮಿಟಿಯವರ ಪಟ್ಟಿ ಸಮೇತ ನೋಂದಣಿ ಕಚೇರಿಗೆ ಕೊಡಬೇಕು. ಒಂದು ವರ್ಷ ಬಿಟ್ಟರೆ ಮುಂದಿನ ವರ್ಷ ಎರಡರಷ್ಟು ಓಡಾಟ. ಕ್ಲಬ್‌ಗೆ ಸ್ವಂತ ಸ್ಟೇಷನ್ ಇದ್ದರೆ ಅದರ ಲೈಸೆನ್ಸ್ ಯಾವಾಗ ಮುಗಿಯುತ್ತೆ ಅಂತ ಇವತ್ತೇ ನೋಡಿ, ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಇದಕ್ಕೆ ತಿಂಗಳಿಗೆ ಒಂದು ಭಾನುವಾರ ಸಾಕು.

ನಿಜವಾದ ಕೆಲಸ ಬೇರೆ ಇದೆ. ಅದು ನನಗೆ ಗೊತ್ತಾಗಿದ್ದು ಒಂದು ಮಳೆಗಾಲದಲ್ಲಿ.

ಆಗ ನಮ್ಮ ರಿಪೀಟರ್, ಅಂದರೆ ಬಂದ ದನಿಯನ್ನು ಮತ್ತೆ ದೂರಕ್ಕೆ ಕಳಿಸುವ ರೇಡಿಯೋ, ಒಬ್ಬ ಸದಸ್ಯರ ಮನೆಯ ತಾರಸಿ ಮೇಲಿತ್ತು. ರಿಪೀಟರ್ ಎತ್ತರದಲ್ಲಿದ್ದರೆ ಕೈಯಲ್ಲಿ ಹಿಡಿಯುವ ಐದು ವಾಟ್‌ನ ಹ್ಯಾಂಡಿ ಕೂಡ ದೂರಕ್ಕೆ ಮುಟ್ಟುತ್ತೆ, ನಿಮಗೇ ಗೊತ್ತು. ಎರಡು ಮೀಟರ್ ಬ್ಯಾಂಡ್, ಅಂದರೆ 144ರಿಂದ 146 ಮೆಗಾಹರ್ಟ್ಸ್, ಹೆಚ್ಚುಕಡಿಮೆ ನೇರ ನೋಟದಲ್ಲೇ ಹೋಗೋದು. ಆ ವರ್ಷ ಜೂನ್‌ನಲ್ಲಿ ಎಲ್ಲರ ದನಿಯೂ ಕರಕರ ಅನ್ನೋಕೆ ಶುರುವಾಯ್ತು. ರೇಡಿಯೋ ಬಿಚ್ಚಿ ನೋಡಿದೆವು, ಪವರ್ ಸಪ್ಲೈ ಬದಲಾಯಿಸಿದೆವು. ಎರಡು ಭಾನುವಾರ ಹೋಯ್ತು. ಕೊನೆಗೆ ಎಲೆಕ್ಟ್ರಿಷಿಯನ್ ಆಗಿರುವ ನಮ್ಮ ಒಬ್ಬ ಸದಸ್ಯರು ಆಂಟೆನಾ ಬುಡದ ಕನೆಕ್ಟರ್ ಬಿಚ್ಚಿದರು. ಕೋಕ್ಸ್ ಕೇಬಲ್‌ನ ತುದಿಯಿಂದ ಒಂದು ಹನಿ ನೀರು ಅವರ ಅಂಗೈ ಮೇಲೆ ಬಿತ್ತು. ಸಿಪ್ಪೆ ಸುಲಿದರೆ ಒಳಗಿನ ತಾಮ್ರದ ಹೆಣಿಗೆ ಒಂದು ಮೊಳದವರೆಗೂ ಕಪ್ಪಾಗಿತ್ತು.

ಹಿಂದಿನ ವರ್ಷಗಳಲ್ಲಿ ಹೀಗೆ ಯಾಕೆ ಆಗಿರಲಿಲ್ಲ ಅಂತ ಕೇಳುತ್ತಾ ಹೋದಾಗ ತಿಳಿಯಿತು. ನಿವೃತ್ತರಾದ ಒಬ್ಬ ಮೇಷ್ಟ್ರು ಪ್ರತಿ ವರ್ಷ ಮೇ ತಿಂಗಳಲ್ಲಿ ಒಬ್ಬರೇ ತಾರಸಿ ಹತ್ತಿ, ಆ ಕನೆಕ್ಟರ್‌ನ ಹಳೇ ಟೇಪ್ ಕಿತ್ತು, ಹೊಸ ರಬ್ಬರ್ ಟೇಪ್ ಸುತ್ತಿ ಬರುತ್ತಿದ್ದರಂತೆ. ಅವರು ಯಾವ ಕಮಿಟಿಯಲ್ಲೂ ಇರಲಿಲ್ಲ. ಟೇಪಿನ ದುಡ್ಡನ್ನೂ ಕೇಳಿದವರಲ್ಲ. ಆ ವರ್ಷ ಮಗಳ ಊರಿಗೆ ಹೋಗಿ ನೆಲೆಸಿದ್ದರು. ನಾನು ಕಾರ್ಯದರ್ಶಿ, ನನಗೆ ಇದು ಗೊತ್ತೇ ಇರಲಿಲ್ಲ. ಫೋನ್ ಮಾಡಿದೆ. "ಅಯ್ಯೋ, ಹೇಳೋದು ಮರೆತೆ ಕಣಪ್ಪ. ಕೇಬಲ್ ಮನೆ ಒಳಗೆ ಬರೋ ಮುಂಚೆ ಕೆಳಕ್ಕೆ ಒಂದು ಬಾಗು ಬಿಟ್ಟಿದ್ದೀಯಾ? ನೀರು ಅಲ್ಲಿಂದ ತೊಟ್ಟಿಕ್ಕಬೇಕು" ಅಂದರು.

ಅವತ್ತೇ ಒಂದು ನೂರು ಪುಟದ ನೋಟ್‌ಬುಕ್ ತಂದೆ. ಕ್ಲಬ್‌ನಲ್ಲಿ ಯಾರು ಯಾರು ಸುಮ್ನೆ ಏನೇನು ಮಾಡಿಕೊಂಡು ಹೋಗ್ತಿದ್ದಾರೆ ಅಂತ ಒಬ್ಬೊಬ್ಬರನ್ನೇ ಕೇಳಿ ಬರೆದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋರು ಯಾರು, ತಾರಸಿ ಬೀಗದ ಕೈ ಯಾರ ಹತ್ತಿರ, ಹೊಸಬರಿಗೆ ಪರೀಕ್ಷೆ ಅರ್ಜಿ ತುಂಬಿಸಿಕೊಡೋರು ಯಾರು. ನನ್ನ ಆರು ವರ್ಷದಲ್ಲಿ ಕ್ಲಬ್‌ಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಆ ನೋಟ್‌ಬುಕ್ ಅಂತಲೇ ನನ್ನ ನಂಬಿಕೆ. ನೀವು ಕಾರ್ಯದರ್ಶಿಯಾದ ಮೊದಲ ತಿಂಗಳು ಬೇರೇನೂ ಮಾಡಬೇಡಿ, ಇದೊಂದು ಮಾಡಿ. ಕ್ಲಬ್ ನಡೆಸುವವರಲ್ಲಿ ಅರ್ಧ ಜನ ಪದಾಧಿಕಾರಿಗಳ ಬೋರ್ಡ್‌ನಲ್ಲಿ ಇರೋದಿಲ್ಲ.

ಇನ್ನು ಗಾಳಿಯ ಮೇಲಿನ, ಅಂದರೆ ರೇಡಿಯೋದಲ್ಲಿ ಮಾತಾಡುವ ಕೆಲಸ. ವಾರದ ನೆಟ್ (ಎಲ್ಲರೂ ರೇಡಿಯೋದಲ್ಲೇ ಸೇರುವ ಸಭೆ) ಯಾರು ನಡೆಸುತ್ತಾರೆ ಅನ್ನೋದರ ಮೇಲೆ ಕ್ಲಬ್‌ನ ಸ್ವಭಾವ ನಿಂತಿರುತ್ತೆ. ಕೆಲವರು ನೆಟ್ ಕಂಟ್ರೋಲ್ ಆದಾಗ ಹಾಜರಿ ಕೂಗಿದ ಹಾಗೆ ಕಾಲ್‌ಸೈನ್ ಬರೆದುಕೊಂಡು ಹತ್ತು ನಿಮಿಷದಲ್ಲಿ ಮುಗಿಸ್ತಾರೆ. ನಮ್ಮ ಹಿರಿಯರೊಬ್ಬರು ಹಾಗಲ್ಲ. ಎಲ್ಲರ ಚೆಕ್ ಇನ್ (ಹಾಜರಿ) ಆದ ಮೇಲೆ "ಇನ್ನು ಯಾರಾದರೂ ಇದ್ದೀರಾ?" ಅಂತ ಕೇಳಿ, ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಬಿಟ್ಟು, ಮನಸ್ಸಿನಲ್ಲೇ ಹತ್ತು ಎಣಿಸುತ್ತಾರೆ. ಒಂದು ಸಂಜೆ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಏಳೋ ಎಂಟೋ ಎಣಿಸುವ ಹೊತ್ತಿಗೆ ಸುಂಯ್ ಅನ್ನುವ ಸದ್ದಿನ ನಡುವೆ "ತ್ರೀ" ಅಂತ ಒಂದು ಸಣ್ಣ ದನಿ ಬಂದು ಹೋಯ್ತು. ಅವರು ಎದ್ದು ಫ್ಯಾನ್ ಆರಿಸಿದರು. "ಬಂದೆ ಮಗು, ಕೇಳಿಸ್ತಿದೆ. ಕಿಟಕಿ ಹತ್ರ ಹೋಗು, ಆಂಟೆನಾ ನೆಟ್ಟಗೆ ಹಿಡ್ಕೊಂಡು ಇನ್ನೊಂದ್ಸಲ ಹೇಳು" ಅಂದರು. ಮೂರನೇ ಸಲಕ್ಕೆ ಪೂರ್ತಿ ಕಾಲ್‌ಸೈನ್ ಬಂತು. ಶ್ರೀರಂಗಪಟ್ಟಣದ ಕಡೆಯ ಹುಡುಗಿ, ಎಂಟನೇ ಕ್ಲಾಸು. ಹನ್ನೆರಡು ತುಂಬಿದವರು ಪರೀಕ್ಷೆ ಬರೆಯಬಹುದು ಅಂತ ತಿಳಿದು ಬರೆದಿದ್ದಳು, ಲೈಸೆನ್ಸ್ ಬಂದು ಒಂದು ವಾರ ಆಗಿತ್ತು. ಈಗ ತಿಂಗಳಿಗೊಂದು ನೆಟ್ ಅವಳೇ ನಡೆಸ್ತಾಳೆ. ಅವಳೂ ಹತ್ತು ಎಣಿಸ್ತಾಳೆ.

ಬೈಗುಳದ ವಿಷಯ. ಇರುತ್ತೆ. ಯಾರೋ ಒಬ್ಬರು ರಿಪೀಟರ್ ಮೇಲೆ ಅರ್ಧ ಗಂಟೆ ಮನೆ ಕಥೆ ಹೇಳ್ತಾರೆ, ಇನ್ನೊಬ್ಬರಿಗೆ ಕೋಪ ಬರುತ್ತೆ. ವ್ಯಾಪಾರದ ಮಾತು, ರಾಜಕೀಯ ಹವ್ಯಾಸಿ ಬ್ಯಾಂಡ್‌ನಲ್ಲಿ ಕೂಡದು ಅಂತ ನಿಯಮವೇ ಇದೆ, ಹಾಗಾಗಿ ಅಷ್ಟರಮಟ್ಟಿಗೆ ನಿಮ್ಮ ಕೆಲಸ ಸುಲಭ. ಮಿಕ್ಕಿದ್ದನ್ನು ಗಾಳಿಯಲ್ಲಿ ತಿದ್ದಬೇಡಿ. ಎಲ್ಲರೂ ಕೇಳ್ತಿರ್ತಾರೆ, ಅವರಿಗೆ ಅವಮಾನ ಆಗುತ್ತೆ. ಆಮೇಲೆ ಫೋನ್ ಮಾಡಿ, ಇಲ್ಲ ಮನೆಗೇ ಹೋಗಿ ಕಾಫಿ ಕುಡಿದು ಮಾತಾಡಿ.

ಸಂಬಳ ಇಲ್ಲದೆ ಯಾಕೆ ಮಾಡಬೇಕು ಅಂತ ನಿಮ್ಮ ಮನೆಯವರು ಕೇಳಿದ್ದಾರಲ್ವಾ? ನಾನಾದರೆ 2004ರ ಸುನಾಮಿಯ ಮಾತು ಹೇಳ್ತೀನಿ. ದೆಹಲಿಯ ಭಾರತಿ ಪ್ರಸಾದ್ ಮತ್ತು ಅವರ ತಂಡ ಆ ಡಿಸೆಂಬರ್‌ನಲ್ಲಿ ಅಂಡಮಾನ್‌ಗೆ ಹೋಗಿದ್ದು ಹವ್ಯಾಸಕ್ಕಾಗಿ, ಅಲ್ಲಿಂದ ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡೋಕೆ. ಅದಕ್ಕೆ ಅನುಮತಿ ಪಡೆದು, ಆಂಟೆನಾ ಕಟ್ಟಿ, ಸ್ಟೇಷನ್ ಸಿದ್ಧ ಇಟ್ಟಿದ್ದರು. 26ರ ಬೆಳಿಗ್ಗೆ ಭೂಮಿ ನಡುಗಿ ಫೋನ್‌ಗಳು ಸತ್ತಾಗ ಅದೇ ಸ್ಟೇಷನ್‌ನಿಂದ ದ್ವೀಪದ ಸುದ್ದಿ ಹೊರಗೆ ಬಂತು. ಆ ಅನುಮತಿಯ ಹಿಂದೆ ಎಷ್ಟು ಅರ್ಜಿ, ಎಷ್ಟು ಓಡಾಟ ಇದ್ದಿರಬೇಕು ಅಂತ ಯೋಚಿಸಿ. ನಮ್ಮ ಮೈಸೂರಿನಲ್ಲೇ ಮಹಾರಾಜ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿ ಮೇಷ್ಟ್ರು 1935ರಲ್ಲಿ ಸ್ವಂತ ಮನೆಯಿಂದ ಪ್ರಸಾರ ಶುರು ಮಾಡಿದರು, ಅದಕ್ಕೆ ಆಕಾಶವಾಣಿ ಅಂತ ಹೆಸರಾಯ್ತು. ಆ ಹೆಸರು ಮುಂದೆ ಇಡೀ ದೇಶದ್ದಾಯ್ತು. ಅವರ ಮನೆಯಿದ್ದ ಒಂಟಿಕೊಪ್ಪಲ್ ಕಡೆ ಹೋದಾಗಲೆಲ್ಲ ನನಗೆ ಅವರ ನೆನಪಾಗುತ್ತೆ.

ಹಿರಿಯರು ನಿಮ್ಮ ಮಾತು ಕೇಳ್ತಾರಾ ಅನ್ನೋದು ಉಳೀತು. ನನಗೂ ಈ ಕೆಲಸ ಬಂದಾಗ ವಿಯು3 ಇತ್ತು. ಮೋರ್ಸ್ ಸಂಕೇತ ಕಲಿತು ಮೇಲಿನ ಜನರಲ್ ಗ್ರೇಡ್ ಪಾಸ್ ಮಾಡಿದ್ದು ಆಮೇಲೆ, ಅದೂ ಒಬ್ಬ ಹಿರಿಯರು ದಿನಾ ಬೆಳಿಗ್ಗೆ ಅರ್ಧ ಗಂಟೆ ಡಿಟ್ ಡಾ ಹೇಳಿಕೊಟ್ಟಿದ್ದರಿಂದ. ಕಾಲ್‌ಸೈನ್‌ನ ಅಂಕಿ ನೋಡಿ ಯಾರೂ ನನಗೆ ಸಹಾಯ ಇಲ್ಲ ಅನ್ನಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಕೇಳಿ, ಅವರು ತಾರಸಿ ಹತ್ತುವಾಗ ಏಣಿ ಹಿಡಿದುಕೊಂಡು ನಿಲ್ಲಿ. ನಿಮ್ಮ ಮೊದಲ ನೆಟ್ ಯಾವತ್ತು ಅಂತ ಇಲ್ಲೇ ಬರೀರಿ. ಮೈಸೂರಿನಿಂದ ಮಂಡ್ಯ 45 ಕಿಲೋಮೀಟರ್, ನಿಮ್ಮ ರಿಪೀಟರ್ ನಮ್ಮ ತಾರಸಿಗೆ ಕೇಳಿಸಿದರೆ ಚೆಕ್ ಇನ್ ಆಗ್ತೀನಿ.