ಹೈಸ್ಕೂಲ್ ಮಕ್ಕಳಿಗೆ ವ್ಯಾಪಾರ, ಕೆಲಸದ ರೂಢಿ ಮಾಡಿಸುವುದು ಹೇಗೆ?

ಭಾಷಣ ಬೇಡ, ಲೆಕ್ಕದಿಂದ ಶುರು ಮಾಡಿ. ಒಂದು ಬೆಳಗ್ಗೆ ಮಗಳನ್ನು ಕೆ.ಆರ್. ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ಸೇವಂತಿಗೆ ಕೆಜಿ ಲೆಕ್ಕ, ನಮ್ಮ ಬೀದಿಯಲ್ಲಿ ಮೊಳದ ಲೆಕ್ಕ. ಕೊಂಡ ಬೆಲೆಗೂ ಮಾರುವ ಬೆಲೆಗೂ ಇರುವ ವ್ಯತ್ಯಾಸದಲ್ಲಿ ಕಟ್ಟುವ ಕೂಲಿ, ದಾರ, ಆಟೋ ಬಾಡಿಗೆ, ಸಂಜೆಗೆ ಬಾಡಿಹೋದ ಹೂವು, ಇಷ್ಟೂ ಕಳೆದು ಉಳಿದದ್ದು ಲಾಭ. ಅವಳೇ ಬರೆದು ನೋಡಲಿ. ಹೂವಿನಮ್ಮನನ್ನೂ ಅವಳೇ ಮಾತಾಡಿಸಲಿ. ಗುರುತಿಲ್ಲದವರನ್ನು ಮರ್ಯಾದೆಯಿಂದ ಕೇಳಿ ತಿಳಿಯುವುದು ಮುಂದೆ ಕೆಲಸದಲ್ಲಿ ಅಂಕಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ, ಅಲ್ವಾ?

10 ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶವಿದೆ. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ 9ನೇ ತರಗತಿಯಿಂದಲೇ ಐಟಿ, ರೀಟೇಲ್‌ನಂಥ ವೃತ್ತಿ ವಿಷಯಗಳಿವೆ, ವಿಚಾರಿಸಿ. ಆದರೆ ಅನುಭವವಾಗಲಿ ಅಂತ 14 ತುಂಬದ ಮಕ್ಕಳನ್ನು ಬೇರೆಯವರ ಅಂಗಡಿಗೆ ಕೆಲಸಕ್ಕೆ ಹಾಕಬೇಡಿ. ಅದು ಕಾನೂನಿಗೆ ವಿರುದ್ಧ.