ಓದುಗರ ಪ್ರಶ್ನೆ: ಚಳಿ ಬಿದ್ದರೆ ರೋಲರ್ ಕೋಸ್ಟರ್ ಯಾಕೆ ನಿಲ್ಲಿಸುತ್ತಾರೆ?

ಪ್ರಶ್ನೆ: ಜರ್ಮನಿಯಲ್ಲಿರುವ ನಮ್ಮ ಕಾಕಾನ ಮಗ ಡಿಸೆಂಬರಿನಲ್ಲಿ ಅಲ್ಲಿಯ ಒಂದು ಪಾರ್ಕಿಗೆ ಹೋಗಿದ್ದ. ಹಿಮ ಇರಲಿಲ್ಲ, ಮಳೆನೂ ಇರಲಿಲ್ಲ. ಆದರೂ ‘ಉಷ್ಣಾಂಶ ಕಡಿಮೆ’ ಅಂತ ಬೋರ್ಡ್ ಹಾಕಿ ದೊಡ್ಡ ಕೋಸ್ಟರ್ ಬಂದ್ ಮಾಡಿದ್ದರಂತೆ. ಮೇಲಿಂದ ಬಿಟ್ಟ ಗಾಡಿ ಚಳಿಗೆ ಕೆಳಗೆ ಬರೋದಿಲ್ಲೇನ್ರೀ?
— ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕೆಳಗೆ ಬರುತ್ತದೆ, ಅದಕ್ಕೇನೂ ಅಡ್ಡಿಯಿಲ್ಲ. ಮುಂದಿನ ದಿಬ್ಬ ಏರುತ್ತದೋ ಇಲ್ಲವೋ ಎಂಬುದೇ ಚಿಂತೆ. ಚೈನು ಎಳೆದು ನೆತ್ತಿಯಲ್ಲಿ ಬಿಟ್ಟ ಮೇಲೆ ಸಾಮಾನ್ಯ ಕೋಸ್ಟರಿಗೆ ಬೇರೆ ಬಲವಿಲ್ಲ. ಮೊದಲ ಎತ್ತರ 30 ಮೀಟರ್ ಇದ್ದರೆ ಕೊನೆಯ ಬ್ರೇಕಿನವರೆಗೂ ಅಷ್ಟರಲ್ಲೇ ಮುಗಿಸಬೇಕು. ಒಂದು ದಿಬ್ಬದ ನೆತ್ತಿಗೆ ಬಂದಾಗ ಗಾಡಿಯಲ್ಲಿ ಇನ್ನೂ 2 ಮೀಟರ್ ಎತ್ತರದಷ್ಟು ಶಕ್ತಿ ಉಳಿದಿದ್ದರೆ ಅದು ಗಂಟೆಗೆ ಸುಮಾರು 22 ಕಿ.ಮೀ. ವೇಗದಲ್ಲಿ ದಾಟುತ್ತದೆ. ಅರ್ಧ ಮೀಟರಿನಷ್ಟೇ ಉಳಿದರೆ 11 ಕಿ.ಮೀ. ಅದೂ ಉಳಿಯದಿದ್ದರೆ ಹಿಂದಕ್ಕೆ ಜಾರಿ, ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಆಚೀಚೆ ಓಲಾಡಿ ನಿಂತುಬಿಡುತ್ತದೆ. ಮೊದಲ ಏರಿನಲ್ಲಿ ಕಟಕಟ ಸದ್ದು ಮಾಡುವ ಹಿಂಜಾರು ತಡೆ ಮುಂದಿನ ದಿಬ್ಬಗಳಲ್ಲಿ ಇರುವುದಿಲ್ಲ. ಆಮೇಲೆ ಜನರನ್ನು ಒಬ್ಬೊಬ್ಬರನ್ನಾಗಿ ಇಳಿಸಿ, ಗಾಡಿಯನ್ನು ವಿಂಚು ಹಾಕಿ ಎಳೆಯಬೇಕು, ಇಲ್ಲವೇ ಕ್ರೇನ್ ತಂದು ಬೋಗಿ ಬಿಚ್ಚಿ ಎತ್ತಬೇಕು. ಒಂದು ದಿನ ಬಾಗಿಲು ಹಾಕುವುದು ಅದಕ್ಕಿಂತ ಅಗ್ಗ.

ಚಳಿಯಲ್ಲಿ ಆ ಶಕ್ತಿ ಎಲ್ಲಿ ಸೋರುತ್ತದೆ? ಹೆಚ್ಚಿನದು ಚಕ್ರದಲ್ಲಿ. ಭಾರ ಹೊರುವ ಚಕ್ರ ಹಳಿಯ ಮೇಲೆ, ಪಕ್ಕಕ್ಕೆ ಒತ್ತುವ ಚಕ್ರ ಬದಿಗೆ, ಗಾಡಿ ಮೇಲೇಳದಂತೆ ಹಿಡಿಯುವ ಚಕ್ರ ಹಳಿಯ ಕೆಳಗೆ. (ಈ ಮೂರನೆಯದಕ್ಕೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿ ಪೇಟೆಂಟ್ ಪಡೆದರು. ಇವತ್ತಿನ ಕಡಿದಾದ ಇಳಿಜಾರುಗಳೆಲ್ಲ ಅದರ ಮೇಲೆಯೇ ನಿಂತಿವೆ.) ದೊಡ್ಡ ರೈಲಿನಲ್ಲಿ ಒಟ್ಟು ಚಕ್ರ ನೂರು ದಾಟುವುದೂ ಉಂಟು. ಪ್ರತಿ ಚಕ್ರಕ್ಕೂ ಬೇರಿಂಗು, ಬೇರಿಂಗಿನೊಳಗೆ ಗ್ರೀಸು. ಡಿಸೆಂಬರಿನ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ಬೋರಲು ಹಾಕಿದರೂ ಹೇಗೆ ಹನಿ ಬೀಳುವುದಿಲ್ಲವೋ ಗ್ರೀಸಿನ ಗತಿಯೂ ಹೆಚ್ಚುಕಡಿಮೆ ಹಾಗೆಯೇ.

ಚಕ್ರದ ಮೇಲಿನ ಪಾಲಿಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಹೊದಿಕೆ ಇನ್ನೂ ಮುಖ್ಯ. ಭಾರ ಬಿದ್ದಲ್ಲಿ ಅದು ಕೊಂಚ ಚಪ್ಪಟೆಯಾಗಿ, ಮುಂದೆ ಉರುಳಿದಾಗ ಮೊದಲಿನ ಆಕಾರಕ್ಕೆ ಬರುತ್ತದೆ. ಪ್ರತಿ ಸಲವೂ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ತಣ್ಣಗಿದ್ದಾಗ ಹೊದಿಕೆ ಬಿಗಿಯಾಗಿ, ಹಿಂದಿರುಗುವುದು ನಿಧಾನವಾಗಿ, ನಷ್ಟ ಹೆಚ್ಚುತ್ತದೆ. ನಾಲ್ಕಾರು ಸುತ್ತು ಹೊಡೆದರೆ ತಾನೇ ಬಿಸಿಯಾಗಿ ಸಡಿಲವಾಗುತ್ತದೆ. ಬೆಳಗಿನ ಮೊದಲ ಸುತ್ತಿಗಿಂತ ಮಧ್ಯಾಹ್ನದ ಸುತ್ತು ಜೋರಾಗಿರುವುದು ಇದಕ್ಕೇ. ಚಳಿ ದೇಶದ ಕೆಲವು ಪಾರ್ಕುಗಳು ಆ ದಿನಗಳಲ್ಲಿ ಒಂದಿಷ್ಟು ಚಕ್ರ ಬಿಚ್ಚಿ ಗಟ್ಟಿ ನೈಲಾನ್ ಚಕ್ರ ಹಾಕುತ್ತವೆ. ಅದರಲ್ಲಿ ನಷ್ಟ ಕಡಿಮೆ, ಆದರೆ ಸದ್ದು ಹೆಚ್ಚು, ಕುಲುಕಾಟ ಹೆಚ್ಚು, ಹಳಿಗೂ ಪೆಟ್ಟು.

ಗಾಳಿಯ ಪಾಲೂ ಇದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕಿಲೋ ತೂಗಿದರೆ 0 ಡಿಗ್ರಿಯಲ್ಲಿ 1.29 ಕಿಲೋ. ಅಂದರೆ ಅದೇ ವೇಗಕ್ಕೆ ಶೇ. 11ರಷ್ಟು ಹೆಚ್ಚು ತಡೆ. ಖಾಲಿ ಗಾಡಿಗೂ ತುಂಬಿದ ಗಾಡಿಗೂ ಗಾಳಿಯ ತಡೆ ಹೆಚ್ಚುಕಡಿಮೆ ಒಂದೇ, ತೂಕ ಮಾತ್ರ ಬೇರೆ. ಹಾಗಾಗಿ ಚಳಿಯಲ್ಲಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಖಾಲಿ ಗಾಡಿಯೇ. ಪರೀಕ್ಷೆ ಓಟಕ್ಕೆ ಸೀಟಿನಲ್ಲಿ ನೀರು ತುಂಬಿದ ಬೊಂಬೆಗಳನ್ನೋ ಮರಳಿನ ಚೀಲಗಳನ್ನೋ ಕೂರಿಸುವ ರೂಢಿ ಸುಮ್ಮನೆ ಬಂದಿದ್ದಲ್ಲ.

ಎಷ್ಟು ಡಿಗ್ರಿಗೆ ನಿಲ್ಲಿಸಬೇಕು ಎಂದು ತಯಾರಿಸಿದ ಕಂಪನಿಯೇ ಕೈಪಿಡಿಯಲ್ಲಿ ಬರೆದಿರುತ್ತದೆ. ಒಂದೊಂದು ಸವಾರಿಗೆ ಒಂದೊಂದು ಗಡಿ. ನಿಮ್ಮ ಕಾಕಾನ ಮಗ ಕಂಡದ್ದು ಆ ಗಡಿಯನ್ನೇ.

ಪ್ರಶ್ನೆ: ಕೋಸ್ಟರಿನಲ್ಲಿ ಏರ್ ಬ್ರೇಕ್ ಇರುತ್ತದೆ ಎಂದು ಓದಿದೆ. ಚಳಿಗೆ ಪೈಪಿನೊಳಗಿನ ನೀರು ಹೆಪ್ಪುಗಟ್ಟಿದರೆ ಬ್ರೇಕೇ ಹೋಗುವುದಿಲ್ಲವೇ?
— ಫಿಟ್ಟರ್, ಸಪ್ತಾಪುರ, ಧಾರವಾಡ

ಉತ್ತರ: ಸರಿಯಾಗಿ ಕಟ್ಟಿದ ಬ್ರೇಕಿನಲ್ಲಿ ಹಿಡಿಯುವ ಕೆಲಸ ಸ್ಪ್ರಿಂಗಿನದು, ಬಿಡಿಸುವ ಕೆಲಸ ಗಾಳಿಯದು. ಗಾಳಿ ಬರದಿದ್ದರೆ ಬ್ರೇಕ್ ಹಿಡಿದೇ ಇರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಆದರೆ ವಾಲ್ವಿನಲ್ಲಿ ಮಂಜು ಕೂತರೆ ಒಳಗಿನ ಗಾಳಿ ಹೊರಬೀಳುವುದು ತಡವಾಗುತ್ತದೆ, ಬ್ರೇಕ್ ಮುಚ್ಚುವುದೂ ತಡ. ಕಂಟ್ರೋಲ್ ಪ್ಯಾನೆಲ್ ಆ ಹೊತ್ತನ್ನು ಅಳೆಯುತ್ತಿರುತ್ತದೆ. ಮಿತಿ ಮೀರಿದರೆ ಇಡೀ ಸವಾರಿಯನ್ನೇ ನಿಲ್ಲಿಸುತ್ತದೆ.

ನೀರು ಎಷ್ಟು ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ. ಧಾರವಾಡದ ಮಳೆಗಾಲದ 25 ಡಿಗ್ರಿ ಗಾಳಿ ತೇವದಿಂದ ತುಂಬಿದ್ದರೆ ಘನ ಮೀಟರಿಗೆ ಸುಮಾರು 23 ಗ್ರಾಂ ನೀರು. ಗೇಜಿನಲ್ಲಿ 7 ಬಾರ್ ಒತ್ತಡ ಎಂದರೆ ಹೊರಗಿನ ಗಾಳಿಯ 1 ಬಾರ್ ಸೇರಿ 8, ಹಾಗಾಗಿ 8 ಘನ ಮೀಟರ್ ಗಾಳಿ ಒಂದಾಗಿ ಕುಗ್ಗುತ್ತದೆ. ಟ್ಯಾಂಕಿನಲ್ಲಿ ಅದು ಮತ್ತೆ 25 ಡಿಗ್ರಿಗೆ ಬಂದಾಗ 23 ಗ್ರಾಂ ಮಾತ್ರ ಹಿಡಿದಿಟ್ಟು ಉಳಿದ 160 ಗ್ರಾಂ ಆಸುಪಾಸು ಕೆಳಗೆ ಬಿಡುತ್ತದೆ. ನಮ್ಮ ಕಡೆ ಇದು ಹೆಪ್ಪುಗಟ್ಟುವುದಿಲ್ಲ, ತುಕ್ಕು ತರುತ್ತದೆ, ಅಷ್ಟೇ. ದಿನಾ ಬೆಳಿಗ್ಗೆ ಡ್ರೇನ್ ಕಾಕ್ ತೆರೆದು ನೀರು ಬಿಡುವುದನ್ನು ತಪ್ಪಿಸಬೇಡಿ. ನಮ್ಮ ವರ್ಕ್‌ಶಾಪುಗಳಲ್ಲಿ ಕಾಣುವ ಫ್ರಿಜ್ ಮಾದರಿಯ ಡ್ರೈಯರ್ ಗಾಳಿಯನ್ನು ಸುಮಾರು 3 ಡಿಗ್ರಿಯವರೆಗೆ ಮಾತ್ರ ಒಣಗಿಸಬಲ್ಲದು, ಅಂದರೆ ಗಾಳಿ ಅದಕ್ಕಿಂತ ತಣ್ಣಗಾದರೆ ಮತ್ತೆ ನೀರು ಬಿಡುತ್ತದೆ. ಪೈಪು ಸೊನ್ನೆಯ ಕೆಳಗೆ ಹೋಗುವ ದೇಶದಲ್ಲಿ ಅದು ಸಾಲದು, ತೇವ ಹೀರುವ ಹರಳು ತುಂಬಿದ ಡ್ರೈಯರೇ ಬೇಕು. ಅದು ಮೈನಸ್ 40ರವರೆಗೂ ತರುತ್ತದೆ.

ಹೊಸ ಕೋಸ್ಟರುಗಳಲ್ಲಿ ವೇಗ ತಗ್ಗಿಸಲು ಅಯಸ್ಕಾಂತದ ಬ್ರೇಕ್ ಇರುತ್ತದೆ. ಉಜ್ಜಾಟವೇ ಇಲ್ಲದ್ದರಿಂದ ಮಳೆ, ಮಂಜು ಯಾವುದಕ್ಕೂ ಅದು ಜಗ್ಗುವುದಿಲ್ಲ. ಆದರೆ ಅದೊಂದರಿಂದಲೇ ಗಾಡಿ ಪೂರ್ತಿ ನಿಲ್ಲದು, ನಿಲ್ದಾಣದಲ್ಲಿ ಹಿಡಿಯಲು ಬೇರೆ ಬ್ರೇಕ್ ಬೇಕೇ ಬೇಕು.

ಪ್ರಶ್ನೆ: ಚಳಿಗೆ ಹಳಿ ಕುಗ್ಗಿ ಬಿರುಕು ಬಿಡುವುದಿಲ್ಲವೇ?
— ಓದುಗರು, ರಾಣೆಬೆನ್ನೂರು

ಉತ್ತರ: ಉಕ್ಕು ಕಿಲೋಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 12 ಮಿ.ಮೀ. ಕುಗ್ಗುತ್ತದೆ. 40 ಡಿಗ್ರಿಯಿಂದ ಸೊನ್ನೆಗೆ ಇಳಿದರೆ 48 ಸೆಂ.ಮೀ. ಕೇಳಲು ಭಯವಾದರೂ, ಕೋಸ್ಟರಿನ ಹಳಿ ನೇರವಾಗಿಲ್ಲ. ತಿರುವುಗಳೂ ಎತ್ತರದ ಕಂಬಗಳೂ ಕೊಂಚ ಕೊಂಚ ಬಾಗಿ ಅದನ್ನು ನುಂಗಿಕೊಳ್ಳುತ್ತವೆ. ನೋಡಿಕೊಳ್ಳಬೇಕಾದದ್ದು ಲಿಫ್ಟ್ ಚೈನು, ಅದರ ಬಿಗಿತ ಸರಿದೂಗಿಸಲು ತೂಕದ ಅಥವಾ ಹೈಡ್ರಾಲಿಕ್ ವ್ಯವಸ್ಥೆ ಇರುತ್ತದೆ.

ಪ್ರಶ್ನೆ: ಡಿಸೆಂಬರಿನಲ್ಲಿ ಶಾಲೆಯ ಮಕ್ಕಳನ್ನು ಬೆಂಗಳೂರಿನ ವಂಡರ್‌ಲಾಕ್ಕೆ ಕರೆದೊಯ್ಯುತ್ತಿದ್ದೇವೆ. ಚಳಿಯಿಂದ ಅಪಾಯವಿದೆಯೇ?
— ಶಿಕ್ಷಕಿ, ಬೆಟಗೇರಿ, ಗದಗ

ಉತ್ತರ: ಯಂತ್ರಕ್ಕೆ ಏನೂ ಆಗುವುದಿಲ್ಲ ಮೇಡಂ, ಬೆಂಗಳೂರಿನ ಚಳಿ ಅಷ್ಟರದ್ದಲ್ಲ. ಮಕ್ಕಳಿಗೆ ಎರಡು ಮಾತು ಹೇಳಿ. ಮೊದಲು ಒಣ ಸವಾರಿಗಳು, ನೀರಿನ ಆಟ ಆಮೇಲೆ. ಒದ್ದೆ ಬಟ್ಟೆಯಲ್ಲಿ ವೇಗದ ಗಾಳಿಗೆ ಕೂತರೆ ಹಲ್ಲು ಕಟಕಟಿಸುತ್ತವೆ. ಇನ್ನು, ದಪ್ಪ ಜರ್ಕಿನ್ ಹಾಕಿಕೊಂಡು ಕೂರಬಾರದು. ತೊಡೆಯ ಮೇಲಿನ ಬಾರ್ ಬಟ್ಟೆಗೆ ತಾಗಿ ಅಲ್ಲೇ ಲಾಕ್ ಆಗುತ್ತದೆ, ಓಟದಲ್ಲಿ ಬಟ್ಟೆ ಅದುಮಿದಾಗ ಸಂದು ಉಳಿಯುತ್ತದೆ. ಮಫ್ಲರ್, ಸ್ಕಾರ್ಫ್, ಉದ್ದ ದುಪಟ್ಟಾ ಬ್ಯಾಗಿನಲ್ಲಿರಲಿ.

ಪ್ರಶ್ನೆ: ನಮ್ಮದು ಜಾತ್ರೆಯಲ್ಲಿ ಹಾಕುವ ಡ್ರ್ಯಾಗನ್ ಟ್ರೇನ್. ಚಳಿಗಾಲದಾಗ ಮುಂಜಾನೆ ಏಳೋದೇ ಇಲ್ಲ, ಓವರ್‌ಲೋಡ್ ರಿಲೇ ಬೀಳ್ತದ. ಸೆಟ್ಟಿಂಗ್ ಏರಿಸ್ಲೇನ್ರೀ?
— ಆಟಿಗೆ ಮಾಲೀಕರು, ಹಾವೇರಿ

ಉತ್ತರ: ಏರಿಸಬೇಡಿ, ಮೋಟಾರು ಸುಟ್ಟೀತು. ಮೋಟಾರು ಮಿತಿ ಮೀರಿ ಕರೆಂಟ್ ಎಳೆದಾಗ ಅದನ್ನು ನಿಲ್ಲಿಸಿ ಉಳಿಸುವುದೇ ಆ ರಿಲೇ. ನಿಮ್ಮದು ಉದ್ದಕ್ಕೂ ಮೋಟಾರಿನಿಂದಲೇ ಓಡುವ ಗಾಡಿ, ಹಾಗಾಗಿ ಗೇರ್ ಬಾಕ್ಸಿನ ಎಣ್ಣೆ ಮೊದಲು ನೋಡಿ. 320 ದರ್ಜೆಯ ಎಣ್ಣೆ 40 ಡಿಗ್ರಿಯಲ್ಲಿ ಇರುವುದಕ್ಕಿಂತ 15 ಡಿಗ್ರಿಯಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ಮಂದ. ಗೇರ್ ಬಾಕ್ಸ್ ಕಂಪನಿ ಒಪ್ಪಿದರೆ ಅದಕ್ಕಿಂತ ತೆಳುವಾದ 220 ದರ್ಜೆಯದನ್ನು ಹಾಕಿಸಿ. ಆದರೆ ನಮ್ಮ ಅನುಮಾನ ಚಳಿಗಿಂತ ವೋಲ್ಟೇಜಿನ ಮೇಲೆ. 415 ಬರಬೇಕಾದಲ್ಲಿ 340 ಬಂದರೆ ಮೋಟಾರಿನ ಎಳೆತ ಮೂರನೇ ಒಂದು ಭಾಗ ಹೋಗುತ್ತದೆ. ಗಾಡಿ ಏಳುವ ಕ್ಷಣದಲ್ಲೇ ಮೂರೂ ಫೇಸ್ ಅಳೆಯಿರಿ. ಜಾತ್ರೆಯ ಮೈದಾನದಲ್ಲಿ ಉದ್ದ ಕೇಬಲ್, ಸಣ್ಣ ಜನರೇಟರ್ ಇದ್ದರೆ ತಪ್ಪು ಅಲ್ಲೇ ಸಿಗಬಹುದು. ಬ್ರೇಕ್ ಲೈನರ್ ಉಜ್ಜುತ್ತಿದೆಯೇ ಎಂದು ಕೈಯಿಂದ ತಳ್ಳಿ ನೋಡಿ. ಎಲ್ಲ ಸರಿಯಿದ್ದರೆ ಮಕ್ಕಳನ್ನು ಹತ್ತಿಸುವ ಮುಂಚೆ ಖಾಲಿ ಗಾಡಿಯನ್ನು ನಾಲ್ಕೈದು ಸುತ್ತು ಓಡಿಸಿದರೆ ಸಾಕು.